ಕಾಣದ ಬೆಳಕಿನ ಕಳವು

ಗಾಜು ಇದ್ದಲ್ಲೇ ಇತ್ತು. ಬೆಳಕು ಮಾತ್ರ ಇರಲಿಲ್ಲ.

ಬೆಳಿಗ್ಗೆ ಠಾಣೆಗೆ ಬಂದ ಹೆಂಗಸು ಹೇಳಿದ್ದು ಇಷ್ಟೇ. ವಯಸ್ಸು ಐವತ್ತರ ಆಸುಪಾಸು. ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡಿದ್ದರು. ಸಂಶೋಧನಾಲಯದಲ್ಲಿ ವಿಜ್ಞಾನಿ ಎಂದರು. ಕೂತ್ಕೊಳ್ಳಿ ಎಂದರೆ ಕೂರಲಿಲ್ಲ.

"ಏನು ಕಳುವಾಗಿದೆ?" ಇನ್ಸ್‌ಪೆಕ್ಟರ್ ಮೇಡಂ ಕೇಳಿದರು.

"ಗೊತ್ತಿಲ್ಲ."

"ಏನಾದ್ರೂ ಒಡೆದಿದಾರಾ?"

"ಇಲ್ಲ."

"ಬೀಗ?"

"ಹಾಕಿದ ಹಾಗೇ ಇತ್ತು."

"ಮತ್ತೆ ದೂರು ಏನು?"

"ನನ್ನ ಗಾಜು ಮೊನ್ನೆ ಬೆಳಗ್ತಿತ್ತು. ನಿನ್ನೆ ರಜೆ. ಇವತ್ತು ಬೆಳಗ್ತಿಲ್ಲ."

"ಅದು ಬೆಳಗಿದ್ದನ್ನ ಯಾರಾದ್ರೂ ಕಣ್ಣಾರೆ ನೋಡಿದಾರಾ?"

"ಇಲ್ಲ. ಅದು ಕಣ್ಣಿಗೆ ಕಾಣೋ ಬೆಳಕಲ್ಲ."

ಮೂಲೆಯಲ್ಲಿದ್ದ ಪೇದೆ ಕೆಮ್ಮಿದ. ಅದು ಕೆಮ್ಮಲ್ಲ, ನಗು. ಬಾಗಿಲ ಬಳಿ ಜೀಪಿನ ಕೀಲಿ ಹಿಡಿದು ನಿಂತಿದ್ದ ನಾನೂ ಮುಖ ಆಚೆ ತಿರುಗಿಸಿದೆ. ಕಾಣದ ಬೆಳಕು ಕಾಣೆಯಾಗಿದೆಯಂತೆ. ಇಂಥ ಕೇಸು ನಮ್ಮ ಠಾಣೆಯನ್ನೇ ಹುಡುಕಿಕೊಂಡು ಬರಬೇಕೆ?

ಮೇಡಂ ಮಾತ್ರ ನಗಲಿಲ್ಲ. ನಾನು ಅವರ ಜೀಪಿನ ಡ್ರೈವರ್. ಅವರ ಮೌನದ ಬಗೆಗಳೆಲ್ಲ ನನಗೆ ಗೊತ್ತು. ಠಾಣೆಯಲ್ಲಿ ಅವರಿಗೆ ಬೆನ್ನ ಹಿಂದೆ ಜಿಗಣೆ ಎಂದು ಹೆಸರು. ಹಿಡಿದರೆ ಬಿಡುವವರಲ್ಲ. ಆ ಹೆಸರು ಅವರಿಗೂ ಗೊತ್ತಿದೆ, ಬೇಸರವಿಲ್ಲ.

"ಕೆಮ್ಮು ಬಂದವರು ಹೊರಗೆ ಹೋಗಿ ಕೆಮ್ಮಬಹುದು," ಎಂದರು. ಪೇದೆ ಹೊರಗೆ ಹೋದ. "ನೀವು ಹೇಳಿ."

"ನಾಳೆ ಬೆಳಿಗ್ಗೆ ಹೊರಗಿನಿಂದ ಪರಿಶೀಲನಾ ಸಮಿತಿ ಬರುತ್ತೆ. ಆ ಗಾಜಿನ ಮೇಲಿನ ಪದರ ಬೆಳಕನ್ನ ಹೆಚ್ಚಿಸುತ್ತೆ ಅಂತ ನಾನು ಲೋಕಕ್ಕೆಲ್ಲ ಹೇಳಿದೀನಿ. ನಾಳೆ ತೋರಿಸದೇ ಹೋದ್ರೆ ನಾನು ಸುಳ್ಳಿ. ನನ್ನ ಪ್ರಯೋಗದ ಕೋಣೆ ಮುಚ್ತಾರೆ."

"ಇನ್ನೊಂದು ಮಾಡಿಕೊಳ್ಳಿ."

"ಮಾಡೋಕೆ ತಿಂಗಳುಗಳು ಬೇಕು. ಕೋಣೆನೇ ಇಲ್ಲ ಅಂದ್ರೆ ಎಲ್ಲಿ ಮಾಡ್ಲಿ?"

"ನಿಮ್ಮ ನಿರ್ದೇಶಕರು ಏನಂತಾರೆ?"

"ಅಳತೆ ತಪ್ಪಾಯ್ತು ಅಂತ ಬರೆದುಕೊಡಿ, ಮರ್ಯಾದೆಯಾಗಿ ಮುಗಿಸೋಣ ಅಂತಾರೆ."

"ನೀವು ಏನಂದ್ರಿ?"

"ಬರೆಯಲ್ಲ ಅಂದೆ."

ಮೇಡಂ ಎದ್ದರು. ನನ್ನ ಕಡೆ ನೋಡಿ, "ಗಾಡಿ ತೆಗಿ," ಎಂದರು.

* * *

ಆ ಕೋಣೆಗೆ ಹೋಗುವ ಮುಂಚೆ ಕೈಗಡಿಯಾರ, ಉಂಗುರ, ಬಳೆ ಎಲ್ಲ ಬಿಚ್ಚಬೇಕು. ಬಾಗಿಲ ಪಕ್ಕ ಅದಕ್ಕೆಂದೇ ಒಂದು ತಟ್ಟೆ. ಒಳಗೆ ಲೇಸರ್ ಇರುತ್ತದೆ, ಹೊಳೆಯುವ ವಸ್ತುವಿಗೆ ತಗುಲಿದರೆ ಯಾರ ಕಣ್ಣಿಗೆ ಹಾರುತ್ತದೋ ಹೇಳಲಾಗದು. ಮೇಡಂ ಕೈಗಡಿಯಾರದ ಜೊತೆ ಸಮವಸ್ತ್ರದ ಹಿತ್ತಾಳೆ ಬಿಲ್ಲೆಗಳನ್ನೂ ಬಿಚ್ಚಿಟ್ಟರು. ಅಧಿಕಾರವನ್ನೆಲ್ಲ ತಟ್ಟೆಯಲ್ಲಿಟ್ಟು ಒಳಗೆ ಹೋದ ಪೊಲೀಸರನ್ನು ನಾನು ನೋಡಿದ್ದು ಅದೇ ಮೊದಲು.

ಒಳಗೆ ಕಪ್ಪು ಪರದೆಗಳು. ನಡುವೆ ಕಬ್ಬಿಣದ ದೊಡ್ಡ ಮೇಜು, ಅದರ ತುಂಬ ಸಾಲು ಸಾಲು ತೂತು. ತೂತುಗಳಲ್ಲಿ ಸಣ್ಣ ಕಂಬ ನೆಟ್ಟು ಕನ್ನಡಿಗಳನ್ನೂ ಮಸೂರಗಳನ್ನೂ ನಿಲ್ಲಿಸಿದ್ದರು. ಮೇಜಿನ ಕೊನೆಯಲ್ಲಿ ಒಂದು ಲೋಹದ ಉಂಗುರ. ಉಂಗುರದೊಳಗೆ ಕೋಟಿನ ಗುಂಡಿಯಷ್ಟಗಲದ, ತುಸು ದಪ್ಪನೆಯ ಗಾಜಿನ ಬಿಲ್ಲೆ. ಮೇಲೆ ತೆಳ್ಳನೆ ಬೂದು ಪದರ. ಇದಕ್ಕೇ ಇಷ್ಟು ರಂಪ.

"ಇದು ಮಸಿ," ಎಂದರು ವಿಜ್ಞಾನಿ. "ಇಂಗಾಲ. ಆದರೆ ಚಾಪೆ ಸುತ್ತಿದ ಹಾಗೆ ಸುತ್ತಿಕೊಂಡಿರೋ ನಳಿಕೆಗಳು. ನಿಮ್ಮ ಒಂದು ಕೂದಲಿನ ದಪ್ಪದಲ್ಲಿ ಸಾವಿರಾರು ನಳಿಕೆ ಪಕ್ಕಪಕ್ಕ ಮಲಗಬಹುದು."

"ಎಲ್ಲಾ ಬೆಳಗುತ್ತಾ?"

"ಇಲ್ಲ. ಎರಡು ಬಗೆ. ಒಂದು ಬೆಳಕು ಕೊಡುತ್ತೆ. ಇನ್ನೊಂದು ಲೋಹದ ಗುಣದ್ದು. ತಾನೂ ಬೆಳಗಲ್ಲ, ಪಕ್ಕದಲ್ಲಿರೋದರ ಬೆಳಕನ್ನೂ ನುಂಗುತ್ತೆ. ಅವನ್ನ ಬೇರ್ಪಡಿಸೋದೇ ದೊಡ್ಡ ಕೆಲಸ. ಒಂದು ಅಂಟಿದೆ, ಅದು ಬೆಳಗೋ ನಳಿಕೆಗಳನ್ನ ಮಾತ್ರ ಅಪ್ಪಿಕೊಳ್ಳುತ್ತೆ. ಆಮೇಲೆ ಯಂತ್ರದಲ್ಲಿ ಗಿರಗಿರ ತಿರುಗಿಸಿದ್ರೆ ಬೇಡದ್ದೆಲ್ಲ ತಳಕ್ಕೆ ಇಳಿಯುತ್ತೆ."

ಅವರು ನೇರಳೆ ದೀಪವೊಂದನ್ನು ಬಿಲ್ಲೆಯ ಮೇಲೆ ಹಿಡಿದರು. ಬಿಲ್ಲೆ ನೀಲಿಯಾಗಿ ಹೊಳೆಯಿತು.

"ಬೆಳಗ್ತಿದೆಯಲ್ಲ," ಎಂದೆ ನಾನು.

"ಅದು ಅಂಟಿನ ಹೊಳಪು. ನಳಿಕೆಯ ಬೆಳಕು ಈ ಕ್ಯಾಮೆರಾಗೆ ಮಾತ್ರ ಕಾಣುತ್ತೆ." ಪಕ್ಕದ ಕಂಪ್ಯೂಟರ್ ಪರದೆಯತ್ತ ತೋರಿಸಿದರು. ಲೇಸರ್ ಹಚ್ಚಿದರೂ ಪರದೆ ಕಪ್ಪಗೇ ಇತ್ತು. "ಮೊನ್ನೆ ಇಲ್ಲಿ ಬೆಳ್ಳನೆ ಗೆರೆ ಇತ್ತು."

"ಬೆಳಕನ್ನ ಹೆಚ್ಚಿಸುತ್ತೆ ಅಂದ್ರಲ್ಲ, ಅದು ಗೊತ್ತಾಗೋದು ಹೇಗೆ?" ಮೇಡಂ ಕೇಳಿದರು.

"ಪದರದ ಮೇಲೆ ಲೇಸರ್‌ನಿಂದ ಒಂದು ಗೆರೆ ಬೀಳಿಸ್ತೀವಿ. ಆಮೇಲೆ ಆ ಗೆರೆಯನ್ನ ಎರಡರಷ್ಟು ಉದ್ದ ಮಾಡ್ತೀವಿ. ಬರೀ ಬೆಳಗೋ ವಸ್ತುವಾದ್ರೆ ತುದಿಯಲ್ಲಿ ಎರಡರಷ್ಟು ಬೆಳಕು ಬರುತ್ತೆ. ಹೆಚ್ಚಿಸೋ ವಸ್ತುವಾದ್ರೆ ಅದಕ್ಕಿಂತ ಜಾಸ್ತಿ. ಯಾಕಂದ್ರೆ ಹೋಗ್ತಾ ಹೋಗ್ತಾ ಬೆಳಕೇ ಬೆಳಕನ್ನ ಜೊತೆಗೆ ಕರ್ಕೊಳ್ಳುತ್ತೆ. ಕಂಪ್ಯೂಟರ್ ಚಿಪ್ಪುಗಳ ಒಳಗೆ ತಂತಿಯ ಬದಲು ಬೆಳಕಿನಲ್ಲಿ ಸುದ್ದಿ ಓಡಿಸಬೇಕು ಅಂದ್ರೆ ಇದು ಬೇಕೇ ಬೇಕು. ದಾರಿಯಲ್ಲಿ ಸೊರಗಿದ ಬೆಳಕಿಗೆ ಮತ್ತೆ ಬಲ ತುಂಬೋರು ಯಾರು? ಇಂಗಾಲದ ನಳಿಕೆಗೆ ಆ ಶಕ್ತಿ ಇಲ್ಲ ಅಂತ ಇಪ್ಪತ್ತು ವರ್ಷದಿಂದ ಎಲ್ಲರೂ ಹೇಳ್ಕೊಂಡು ಬಂದಿದ್ರು."

"ಮೊದಲು ಹೇಳಿದವನು ನಾನೇ," ಎಂದಿತು ಬಾಗಿಲ ಬಳಿ ಒಂದು ಮೆದು ದನಿ.

ಬಿಳಿ ಕೂದಲಿನ ಹಿರಿಯರೊಬ್ಬರು ಕೈಗಡಿಯಾರ ಬಿಚ್ಚಿ ತಟ್ಟೆಯಲ್ಲಿಟ್ಟು ಒಳಗೆ ಬಂದರು. ವಿಜ್ಞಾನಿಯ ಗುರುಗಳು. ಎಲ್ಲರಿಗೂ ಅವರು ಮೇಷ್ಟ್ರು. ಆ ಕೋಣೆ ಶುರು ಮಾಡಿದವರೂ ಅವರೇ, ನಿವೃತ್ತರಾದರೂ ಬರುವುದು ಬಿಟ್ಟಿಲ್ಲವಂತೆ.

"ಶಿಷ್ಯರು ಮೀರಿಸಿದ್ರೆ ಗುರುವಿಗೆ ಹೆಮ್ಮೆ ಅಲ್ವೇನಮ್ಮ?" ಎಂದು ವಿಜ್ಞಾನಿಯ ತಲೆ ಸವರಿದರು. ಮೇಡಂ ಕಡೆ ತಿರುಗಿ, "ಇವಳು ಸುಳ್ಳು ಹೇಳೋಳಲ್ಲ. ಯಂತ್ರ ಏನೋ ಮೋಸ ಮಾಡಿರಬೇಕು. ಆ ಬಿಲ್ಲೆಯನ್ನ ಉಂಗುರದಿಂದ ಬಿಚ್ಚಬೇಡಿ, ಸಾಕ್ಷಿ ಹಾಳಾಗುತ್ತೆ ಅಂತ ನಾನೇ ಬೆಳಿಗ್ಗೆ ಹೇಳ್ದೆ," ಎಂದರು.

"ಒಳ್ಳೇದು ಮಾಡಿದ್ರಿ," ಎಂದರು ಮೇಡಂ.

ಅಷ್ಟರಲ್ಲಿ ನಿರ್ದೇಶಕರು ಬಂದರು. ಬೆರಳಿನ ಉಂಗುರ ಬಿಚ್ಚಲಿಲ್ಲ, ಹೊಸ್ತಿಲಲ್ಲೇ ನಿಂತರು.

"ಒಡೆದಿಲ್ಲ, ಕದ್ದಿಲ್ಲ. ಇದು ಪೊಲೀಸರ ಕೆಲಸ ಅಲ್ಲಮ್ಮ. ಇವರು ಮೇಷ್ಟ್ರ ಲೆಕ್ಕವನ್ನೇ ಸುಳ್ಳು ಮಾಡೋಕೆ ಹೊರಟ್ರು. ಗುರುವಿಗೇ ತಿರುಮಂತ್ರ. ಈಗ ಸಿಕ್ಕಿಹಾಕಿಕೊಂಡಿದಾರೆ."

"ಈ ಕೋಣೆ ಮುಚ್ಚಿದ್ರೆ ಯಾರಿಗೆ ಕೊಡ್ತೀರಿ ಸಾರ್?"

"ಪಕ್ಕದ ಲೇಪನದ ಕೋಣೆಯವರು ಜಾಗ ಸಾಲ್ದು ಅಂತಿದಾರೆ. ಅದಕ್ಕೂ ಇದಕ್ಕೂ ಏನು ಸಂಬಂಧ?"

"ಸುಮ್ಮನೆ ಕೇಳ್ದೆ. ಕೀಲಿ ಯಾರ್ಯಾರ ಹತ್ರ ಇದೆ?"

"ನನ್ನ ಕಚೇರಿಯಲ್ಲಿ ಒಂದು. ಇವರ ಹತ್ರ ಒಂದು. ಇವರ ವಿದ್ಯಾರ್ಥಿನಿ ಹತ್ರ ಒಂದು. ಆ ಹುಡುಗಿ ಬೆಳಿಗ್ಗೆಯಿಂದ ಪತ್ತೆಯಿಲ್ಲ. ಅದನ್ನ ವಿಚಾರಿಸಿ ಮೊದಲು."

ಮೇಡಂ ಬಗ್ಗಿ ಬೀಗ ನೋಡಿದರು. ಹಿತ್ತಾಳೆ ಸವೆದು ನುಣ್ಣಗಾಗಿತ್ತು.

"ಹಳೇ ಬೀಗ."

"ಕೋಣೆ ಶುರುವಾದಾಗಿಂದ ಇದೇ," ಎಂದರು ವಿಜ್ಞಾನಿ.

* * *

ವಿದ್ಯಾರ್ಥಿನಿ ಸಿಕ್ಕಿದ್ದು ಅವಳ ಚಿಕ್ಕಮ್ಮನ ಮನೆಯಲ್ಲಿ. ಹಿತ್ತಲಲ್ಲಿ ಬಕೆಟ್ಟು ಇಟ್ಟುಕೊಂಡು ಬಟ್ಟೆ ಒಗೆಯುತ್ತಿದ್ದಳು. ಒಗೆಯುತ್ತಿದ್ದಳು ಎನ್ನುವುದಕ್ಕಿಂತ ಬಡಿಯುತ್ತಿದ್ದಳು ಎನ್ನಬೇಕು. ಯಾರ ಮೇಲಿನ ಸಿಟ್ಟೋ ಒಂದು ಅಂಗಿಯ ಮೇಲೆ ಬೀಳುತ್ತಿತ್ತು.

"ಓಡಿ ಬಂದ್ಯಾ?" ಎಂದು ಮೇಡಂ ನೇರವಾಗಿ ಕೇಳಿದರು.

"ಓಡಿ ಬಂದಿಲ್ಲ. ಎದ್ದು ಬಂದೆ. ನಿರ್ದೇಶಕರು ಕರೆಸಿದ್ರು. ನಿಮ್ಮ ಮೇಡಂ ಅಂಕಿಗಳನ್ನ ತಿದ್ದಿದಾರೆ, ನೀನು ನೋಡಿದೀಯ ಅಂತ ಸಹಿ ಹಾಕು, ನಿನ್ನ ಓದಿಗೆ ತೊಂದರೆ ಆಗದ ಹಾಗೆ ನೋಡ್ಕೋತೀನಿ ಅಂದ್ರು."

"ಹಾಕಿದ್ಯಾ?"

"ನಾನು ಅಳೆದ ಅಂಕಿ ನಾನೇ ಸುಳ್ಳು ಅನ್ನಲಾ? ಹಾಕಲ್ಲ ಅಂದೆ."

ಚಿಕ್ಕಮ್ಮ ಒಳಗಿಂದಲೇ, "ಸಹಿ ಹಾಕಿ ಬಿಸಾಕಿದ್ರೆ ಏನು ಗಂಟು ಹೋಗ್ತಿತ್ತು," ಎಂದರು.

"ನೀನು ಸುಮ್ನಿರು ಚಿಕ್ಕಮ್ಮ."

ಮೇಡಂ ಮುಖದಲ್ಲಿ ಆ ದಿನದ ಮೊದಲ ನಗು ಕಂಡೆ. ಅವರು ಬಕೆಟ್ಟಿನ ಪಕ್ಕ ಕುಕ್ಕರುಗಾಲಲ್ಲಿ ಕೂತರು.

"ಒಂದು ಮಾತು ಹೇಳು. ಬೆಳಗದಂಥ, ಆದರೆ ನೋಡೋಕೆ ಹಾಗೇ ಇರೋ ಬಿಲ್ಲೆ ಮಾಡೋದು ಕಷ್ಟಾನಾ?"

ಹುಡುಗಿಯ ಕೈ ನಿಂತಿತು. "ಸುಲಭ. ಸೋಸದೇ ಇರೋ ಕಚ್ಚಾ ಮಸಿಯನ್ನ ಅದೇ ಅಂಟಿನಲ್ಲಿ ಕಲಸಿ ಹಚ್ಚಿದ್ರೆ ಆಯ್ತು. ನೀಲಿ ಹೊಳಪೂ ಬರುತ್ತೆ. ಲೋಹದ ನಳಿಕೆ ಇರೋದ್ರಿಂದ ಒಳಗಿನ ಬೆಳಕು ಸತ್ತಿರುತ್ತೆ. ನಮ್ಮದು ಸತ್ತಿಲ್ಲ, ಬದಲಾಗಿದೆ ಅಂತೀರಾ?"

"ಅಂಟು ಯಾರ್ಯಾರ ಹತ್ರ ಇದೆ?"

"ಕೇಳಿದವರಿಗೆಲ್ಲ ಕೊಟ್ಟಿದೀವಿ. ಲೇಪನದ ಕೋಣೆಯವರು ದೊಡ್ಡ ಬಾಟ್ಲಿನೇ ಒಯ್ದಿದಾರೆ. ಮೇಷ್ಟ್ರು ಒಂದು ಸೀಸೆ ತಗೊಂಡ್ರು. ನಿರ್ದೇಶಕರ ಹಳೇ ವಿದ್ಯಾರ್ಥಿಗಳೂ ತಗೊಂಡಿದಾರೆ. ಮಸಿಯಂತೂ ಎಲ್ಲಾ ಕಪಾಟಲ್ಲೂ ಬಿದ್ದಿದೆ."

"ನಿಮ್ಮ ಬಿಲ್ಲೆಗೆ ಗುರುತು?"

"ಪದರ ಎಷ್ಟು ತೆಳು ಅಂದ್ರೆ ಯಾವ ಕಡೆ ಇದೆ ಅಂತಾನೇ ಗೊತ್ತಾಗಲ್ಲ. ಅದಕ್ಕೆ ಪದರ ಇರೋ ಕಡೆ, ಓರೆಯಾಗಿ, ವಜ್ರದ ಮೊನೆಯಿಂದ ಒಂದು ಗೀರು ಹಾಕ್ತೀವಿ. ನಮ್ಮ ಕೋಣೆಗೆ ಬಂದವರಿಗೆಲ್ಲ ಅದು ಗೊತ್ತು."

ವಾಪಸು ಬರುವಾಗ ಮೇಡಂ ಫೋನು ಬಡಿದುಕೊಂಡಿತು. ಮೇಲಧಿಕಾರಿ. ನಿರ್ದೇಶಕರು ಆಗಲೇ ಕಿವಿ ಊದಿದ್ದರು. ಇಂಥ ಕ್ಷುಲ್ಲಕ ವಿಷಯಕ್ಕೆ ದೊಡ್ಡ ಸಂಸ್ಥೆಯ ಹೆಸರು ಕೆಡಿಸಬೇಡಿ, ಬಿಟ್ಟುಬಿಡಿ ಎಂಬ ಬುದ್ಧಿಮಾತು ನನ್ನವರೆಗೂ ಕೇಳಿಸಿತು.

"ಸರಿಯಾಗಿ ಕೇಳಿಸ್ತಿಲ್ಲ ಸಾರ್," ಎಂದು ಮೇಡಂ ಫೋನನ್ನು ಆರಿಸಿ ನನ್ನ ಕೈಗೆ ಕೊಟ್ಟರು. "ನಾಳೆ ಮಧ್ಯಾಹ್ನದವರೆಗೆ ಇದು ಕೆಟ್ಟಿದೆ."

ಹೀಗೇ ಫೋನು ಕೆಟ್ಟಿದ್ದಕ್ಕೆ ಅವರಿಗೆ ಹಿಂದೆ ಎರಡು ಸಲ ವರ್ಗವಾಗಿದೆ. ಅವರ ಮುಖದಲ್ಲಿ ಅದರ ಚಿಂತೆಯೂ ಇರಲಿಲ್ಲ.

* * *

"ಬಿಚ್ಚಿ," ಎಂದರು ಮೇಡಂ.

"ಸಾಕ್ಷಿ ಹಾಳಾಗಲ್ವಾ?" ವಿಜ್ಞಾನಿ ಹಿಂಜರಿದರು.

"ಸಾಕ್ಷಿಯನ್ನ ನೋಡದೇ ಇದ್ರೆ ಅದು ಇದ್ದೂ ಏನು ಪ್ರಯೋಜನ?"

ವಿಜ್ಞಾನಿ ಉಂಗುರದ ತಿರುಪು ಸಡಿಲಿಸಿ, ಚಿಮುಟದಿಂದ ಬಿಲ್ಲೆಯನ್ನು ಹೊರತೆಗೆದರು. ಬಿಲ್ಲೆಯ ಮುಖದ ಮೇಲೆ ಗೀರು ಇತ್ತು. ವಿಜ್ಞಾನಿಯ ಭುಜ ಇಳಿಯಿತು. "ಇದು ನನ್ನದೇ ಇರಬೇಕು. ಗೀರು ಇದೆ."

"ಗೀರು ಯಾರು ಬೇಕಾದ್ರೂ ಹಾಕ್ತಾರೆ. ಅಂಚು ತೋರಿಸಿ."

ಬಿಲ್ಲೆಯ ಅಂಚು ನುಣುಪಲ್ಲ, ಉಪ್ಪುಕಾಗದದಿಂದ ತಿಕ್ಕಿದಂತೆ ಮಬ್ಬು ಬಿಳುಪು. ಉಂಗುರದೊಳಗೆ ಕೂತಾಗ ಅದು ಯಾರಿಗೂ ಕಾಣದು. ಭೂತಗನ್ನಡಿ ಹಿಡಿದು ಸುತ್ತ ತಿರುಗಿಸಿದರು. ಒಂದು ಕಡೆ ಸೀಸದಕಡ್ಡಿಯ ಗುರುತು. ಇರುವೆಗಿಂತ ಚಿಕ್ಕ ಬಾಣ. ಅದರ ಮೊನೆ ಪದರದ ಕಡೆ ತಿರುಗಿತ್ತು.

ವಿಜ್ಞಾನಿ ಭೂತಗನ್ನಡಿ ಕೆಳಗಿಟ್ಟರು. ಆಮೇಲೆ ಮೆಲ್ಲಗೆ, "ಇದು ನನ್ನ ಬಿಲ್ಲೆ ಅಲ್ಲ," ಎಂದರು. "ನಾವು ಬಾಣ ಹಾಕಲ್ಲ. ಅದು ಕನ್ನಡಿ ಮಾಡೋರ ಪದ್ಧತಿ. ಲೇಪನ ಯಾವ ಕಡೆ ಇದೆ ಅಂತ ಅಂಚಿನಲ್ಲಿ ಬಾಣ ಬರೀತಾರೆ."

ಮೇಡಂ ಮೇಜಿನ ಮೇಲಿದ್ದ ಕನ್ನಡಿಗಳನ್ನು ಒಂದೊಂದಾಗಿ ಬಗ್ಗಿ ನೋಡಿದರು. ಹಳೆಯ ಒಂದೆರಡರ ಅಂಚಿನಲ್ಲಿ ಅಂಥದೇ ಬಾಣಗಳಿದ್ದವು.

ಕನ್ನಡಿ ತಯಾರಿಸುವ ಲೇಪನದ ಕೋಣೆ ಗೋಡೆಯಾಚೆಗೇ ಇತ್ತು. ಅಲ್ಲಿನ ಮುಖ್ಯಸ್ಥನಿಗೆ ಎಲ್ಲರೂ ಕನ್ನಡಿ ಸಾಹೇಬ ಎನ್ನುತ್ತಾರೆ. ಕೆಲಸವೂ ಕನ್ನಡಿಯದು, ದಿನಕ್ಕೆ ನಾಲ್ಕು ಸಲ ತಲೆ ಬಾಚಿಕೊಳ್ಳುವುದೂ ಕನ್ನಡಿ ಮುಂದೆ. ನಮ್ಮನ್ನು ನೋಡಿ ಅವನ ಬಾಚಣಿಗೆ ಜೇಬಿಗೆ ಹೋಯಿತು.

ನನಗಂತೂ ಇವನೇ ಎಂದು ಖಾತ್ರಿಯಾಗಿತ್ತು. ಜಾಗದ ಆಸೆ ಇವನಿಗೆ. ಅಂಟಿನ ಬಾಟ್ಲಿ ಇವನ ಹತ್ತಿರ. ಬಾಣದ ಪದ್ಧತಿಯೂ ಇವನದೇ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?

"ಹೌದು, ಆ ಕೋಣೆ ನನಗೆ ಬೇಕು," ಎಂದ ಕನ್ನಡಿ ಸಾಹೇಬ. "ಎದುರಿಗೇ ಕೇಳಿದೀನಿ, ಜಗಳಾನೂ ಆಡಿದೀನಿ. ಹಿಂಬಾಗಿಲಿಂದ ನುಗ್ಗೋ ದರ್ದು ನನಗಿಲ್ಲ."

ಮೇಡಂ ಭೂತಗನ್ನಡಿಯ ಕೆಳಗೆ ಬಾಣ ತೋರಿಸಿದರು. ಅವನು ನೋಡಿ ನಕ್ಕೇಬಿಟ್ಟ.

"ಸೀಸದಕಡ್ಡಿ! ನನ್ನ ಹತ್ರ ಕೆಲಸ ಮಾಡೋ ಒಬ್ಬರಿಗಾದ್ರೂ ಸೀಸದಕಡ್ಡಿ ಹಿಡಿಯೋಕೆ ಬರುತ್ತಾ ಕೇಳಿ. ನಾನು ಸೇರಿದಾಗಲೇ ಯಂತ್ರ ಬಂದಿತ್ತು. ಅದೇ ಅಂಚಿಗೆ ಸಂಖ್ಯೆ ಕೆತ್ತುತ್ತೆ." ಟ್ರೇಯಿಂದ ನಾಲ್ಕಾರು ಕನ್ನಡಿ ತೆಗೆದು ತೋರಿಸಿದ. ಎಲ್ಲದರ ಅಂಚಿನಲ್ಲೂ ಸಣ್ಣ ಸಂಖ್ಯೆಗಳು, ಬಾಣ ಒಂದೂ ಇಲ್ಲ. "ಇದು ಹಳೇ ಕಾಲದವರ ಕೈ ಮೇಡಂ. ಕನ್ನಡಿಗಳನ್ನ ಒಂದೊಂದಾಗಿ ಕೈಯಲ್ಲೇ ಮಾಡ್ತಿದ್ದ ಕಾಲ. ಆ ಕಾಲದವರು ಇಲ್ಲಿ ಯಾರಿದಾರೆ ಈಗ?"

ನನ್ನ ಖಾತ್ರಿ ಗಾಳಿ ಹೋದ ಟೈರಿನ ಹಾಗಾಯಿತು.

* * *

ಸಂಜೆ ಮೇಷ್ಟ್ರ ಮನೆಗೆ ಹೋದೆವು. ಹಿರಿಯರ ಸಲಹೆ ಬೇಕಿತ್ತು ಎಂದು ಮೇಡಂ ಹೇಳಿದಾಗ ಮೇಷ್ಟ್ರ ಹೆಂಡತಿ ಸಂತೋಷದಿಂದ ಕೂರಿಸಿ ಕಾಫಿ ಕೊಟ್ಟರು. ಮೇಷ್ಟ್ರು ಹಿಂದಿನ ಕೋಣೆಯಲ್ಲಿದ್ದರು. ಆ ಕೋಣೆಯಲ್ಲಿ ಅವರು ಹಳೆಯ ಉಪಕರಣಗಳನ್ನು ಜೋಡಿಸಿಕೊಂಡು ಏನಾದರೂ ಅಳೆಯುತ್ತಿರುತ್ತಾರಂತೆ.

"ಕರೆದ್ರೂ ಬರಲ್ಲ ನೋಡಿ," ಎಂದರು ಆಕೆ. "ನಿನ್ನೆಯಿಂದ ಸರಿಯಾಗಿ ಊಟಾನೂ ಮಾಡಿಲ್ಲ. ಕೇಳಿದ್ರೆ ಹಸಿವಿಲ್ಲ ಅಂತಾರೆ."

ಮೇಡಂ ಎದ್ದು ಗೋಡೆಯ ಮೇಲಿನ ಚಿತ್ರ ನೋಡುತ್ತಿದ್ದರು. ಯುವಕ ಮೇಷ್ಟ್ರು ಮತ್ತು ಆಗಿನ ವಿದ್ಯಾರ್ಥಿಗಳು. ಮುಂದಿನ ಸಾಲಿನಲ್ಲಿ ಎರಡು ಜಡೆಯ ಹುಡುಗಿ ನಮ್ಮ ವಿಜ್ಞಾನಿ. ಚಿತ್ರದ ಗಾಜಿನ ಅಂಚಿನ ಮೇಲೆ ಮೇಡಂ ಬೆರಳು ನಿಂತಿತು.

"ಇದೇನಮ್ಮ, ಇಲ್ಲಿ ಬಾಣ?"

ಆಕೆ ನಕ್ಕರು. "ಅಯ್ಯೋ, ನಮ್ಮನೇಲಿ ಗಾಜು ಅಂದ್ರೆ ಬಾಣ. ಚಿಕ್ಕ ವಯಸ್ಸಲ್ಲಿ ಕನ್ನಡಿ ಮಾಡೋ ಕಾರ್ಖಾನೇಲಿದ್ರು, ಆಮೇಲೆ ಓದಿ ಪ್ರೊಫೆಸರ್ ಆದ್ರು. ಆದ್ರೂ ಜೇಬಲ್ಲಿ ಸೀಸದಕಡ್ಡಿ ಇಲ್ದೆ ಹೊರಗೆ ಕಾಲಿಡಲ್ಲ. ಮುಖ ನೋಡೋ ಕನ್ನಡಿಗೂ ಬಾಣ, ಕಿಟಕಿ ಗಾಜಿಗೂ ಬಾಣ. ನಾನು ಒರೆಸ್ತೀನಿ, ಅವರು ಮತ್ತೆ ಹಾಕ್ತಾರೆ. ಹಾಕಿದ್ದು ಅವರಿಗೇ ಗೊತ್ತಿರಲ್ಲ."

ಕಾಫಿ ಲೋಟ ನನ್ನ ಕೈಯಲ್ಲೇ ಉಳಿಯಿತು.

ಮೇಷ್ಟ್ರು ಹೊರಗೆ ಬಂದರು. ಮೇಡಂ ಅವರೊಡನೆ ಯಂತ್ರಗಳ ಬಗ್ಗೆ ಏನೇನೋ ಕೇಳಿ, ನಾಳೆ ಸಮಿತಿಯ ಮುಂದೆ ತಾವೂ ಇರಬೇಕು ಎಂದು ಕೈ ಮುಗಿದು ಹೊರಟರು. ಜೀಪು ಹತ್ತಿದ ಮೇಲೆ ನಾನು ತಡೆಯಲಾರದೆ ಕೇಳಿದೆ.

"ಅಲ್ಲೇ ಹಿಡೀಬಹುದಿತ್ತಲ್ಲ ಮೇಡಂ?"

"ಬಾಣ ಸಿಕ್ಕಿದೆ. ಬೆಳಕು ಸಿಕ್ಕಿಲ್ಲ. ದೂರು ಕೊಟ್ಟ ಆಯಮ್ಮನಿಗೆ ಬೇಕಿರೋದು ಕಳ್ಳ ಅಲ್ಲ, ಬೆಳಕು."

* * *

ಮರುದಿನ ಬೆಳಿಗ್ಗೆ ಮೇಷ್ಟ್ರು ಸಂಶೋಧನಾಲಯಕ್ಕೆ ಹೊರಟ ಮೇಲೆ ನಾವು ಶೋಧದ ಆದೇಶ ಹಿಡಿದು ಅವರ ಮನೆಗೆ ಹೋದೆವು. ಅವರ ಹೆಂಡತಿ ಅದನ್ನು ಓದಲಿಲ್ಲ.

"ಏನು ಮಾಡಿದಾರೆ?" ಎಂದಷ್ಟೇ ಕೇಳಿದರು.

ಮೇಡಂ ಮುಚ್ಚಿಡದೆ ಹೇಳಿದರು. ಆಕೆ ಹಿಂದಿನ ಕೋಣೆಗೆ ಹೋಗಿ ತಗಡಿನ ಬಿಸ್ಕತ್ತು ಡಬ್ಬವೊಂದನ್ನು ತಂದು ಕೊಟ್ಟರು. ಒಳಗೆ ಹತ್ತಿಯ ಮೇಲೆ ಗಾಜಿನ ಬಿಲ್ಲೆಗಳು, ಒಂದು ಮುಷ್ಟಿಗಿಂತ ಹೆಚ್ಚು. "ಆ ಎರಡು ಜಡೆ ಹುಡುಗಿ ಈ ಮನೇಲಿ ಊಟ ಮಾಡಿ ಬೆಳೆದೋಳು," ಎಂದರು. ನನಗೆ ಆಕೆಯ ಮುಖ ನೋಡಲಾಗಲಿಲ್ಲ.

ಸಮಿತಿಯ ಮೂವರೂ ಲೇಸರ್ ಕೋಣೆಯ ಹೊರಗಿನ ಕೊಠಡಿಯಲ್ಲಿ ಕೂತಿದ್ದರು. ಅಧ್ಯಕ್ಷೆ ವಯಸ್ಸಾದವರು, ಮಾತು ಕಡಿಮೆ. ನಿರ್ದೇಶಕರು ಆಗಲೇ, ಫಲಿತಾಂಶವನ್ನು ಹಿಂತೆಗೆದುಕೊಳ್ಳುವುದೇ ಎಲ್ಲರಿಗೂ ಕ್ಷೇಮ ಎಂದು ಶುರು ಮಾಡಿದ್ದರು. ಎದುರಿಗೆ ವಿಜ್ಞಾನಿ ನೆಟ್ಟಗೆ ನಿಂತಿದ್ದರು. ಪಕ್ಕದಲ್ಲಿ ವಿದ್ಯಾರ್ಥಿನಿ.

"ಹಿಂತೆಗೆದುಕೊಳ್ಳಲ್ಲ," ಎಂದರು ವಿಜ್ಞಾನಿ. "ಬೇಕಾದ್ರೆ ಕೋಣೆ ಮುಚ್ಚಿ. ಬೆಳಗಿದ್ದನ್ನ ಬೆಳಗಿಲ್ಲ ಅನ್ನಲ್ಲ."

ಮೇಡಂ ಡಬ್ಬವನ್ನು ಮೇಜಿನ ಮೇಲಿಟ್ಟರು. ಮೂಲೆಯಲ್ಲಿ ಕೂತಿದ್ದ ಮೇಷ್ಟ್ರ ಕಣ್ಣು ಡಬ್ಬಕ್ಕೆ ಅಂಟಿಕೊಂಡಿತು.

"ಮೇಷ್ಟ್ರೇ, ಇದು ನಿಮ್ಮದಾ?"

"ನನ್ನದೇ. ಹಳೇ ಗಾಜುಗಳು. ಏನೂ ಕೆಲಸಕ್ಕೆ ಬಾರದವು."

"ಎಲ್ಲಾ ನಿಮ್ಮವೇ?"

ಒಂದು ಕ್ಷಣ ತಡೆದು, "ಎಲ್ಲಾ," ಎಂದರು.

ಮೇಡಂ ಕಪ್ಪು ಬಟ್ಟೆ ಹಾಸಿ ಬಿಲ್ಲೆಗಳನ್ನು ಅಂಚು ಕಾಣುವಂತೆ ಜೋಡಿಸಿದರು. ಭೂತಗನ್ನಡಿಯನ್ನು ಅಧ್ಯಕ್ಷೆಯ ಕೈಗೆ ಕೊಟ್ಟರು. ಆಕೆ ಒಂದೊಂದಾಗಿ ನೋಡುತ್ತ ಹೋದರು. ಬಾಣ. ಬಾಣ. ಬಾಣ. ಸಾಲಿನ ಕೊನೆಯ ಹತ್ತಿರ ಕೈ ನಿಂತಿತು.

"ಇದಕ್ಕೆ ಬಾಣ ಇಲ್ಲ. ಮುಖದ ಮೇಲೆ ಗೀರು ಇದೆ."

"ಈಗ ಇದನ್ನ ನೋಡಿ," ಎಂದು ಮೇಡಂ ಉಂಗುರದಿಂದ ಬಿಚ್ಚಿದ್ದ ಬಿಲ್ಲೆಯನ್ನು ಕೊಟ್ಟರು. "ಗೀರು ಹಾಕೋ ಕೋಣೇಲಿ ಬಾಣ ಇರೋ ಬಿಲ್ಲೆ. ಬಾಣ ಹಾಕೋರ ಡಬ್ಬದಲ್ಲಿ ಬಾಣ ಇಲ್ಲದ ಬಿಲ್ಲೆ. ಎರಡೂ ದಾರಿ ತಪ್ಪಿವೆ. ದಾರಿ ತಪ್ಪಿಸಿದವರು ಯಾರು ಅಂತ ನಾನು ಹೇಳಬೇಕಾ?"

ಮೇಡಂ ನಿರ್ದೇಶಕರ ಕಡೆ ತಿರುಗಿದರು.

"ಬೀಗ ಮುರಿದಿರಲಿಲ್ಲ," ಮೇಡಂ ಮುಂದುವರಿಸಿದರು. "ಕೀಲಿ ಮೂರು ಅಂದ್ರಿ. ಆದರೆ ಬೀಗ ಕೋಣೆಯಷ್ಟೇ ಹಳೇದು. ಕೋಣೆ ಕಟ್ಟಿಸಿದವರ ಹತ್ರ ಒಂದು ಕೀಲಿ ಇರಲೇಬೇಕಲ್ಲ? ನಿವೃತ್ತರಾದಾಗ ಯಾರೂ ವಾಪಸು ಕೇಳಲಿಲ್ಲ. ಮೇಷ್ಟ್ರ ಹತ್ರ ಕೇಳೋದು ಹೇಗೆ? ಅಂಟು ಇವರೇ ಇಸಿದುಕೊಂಡಿದ್ರು. ಕಚ್ಚಾ ಮಸಿ ಎಲ್ಲ ಕಡೆ ಸಿಗುತ್ತೆ. ರಜೆಯ ದಿನ ಬಂದು ಬದಲಾಯಿಸಿದ್ರು. ಗೀರನ್ನ ನೆನಪಿಟ್ಟು ಹಾಕಿದ್ರು. ಆದರೆ ಬಾಣವನ್ನ ಕೈ ತಾನಾಗಿಯೇ ಹಾಕಿಬಿಟ್ಟಿತು, ಇವರಿಗೂ ಗೊತ್ತಾಗಲಿಲ್ಲ."

"ಮತ್ತೆ ಉಂಗುರ ಬಿಚ್ಚಬೇಡಿ ಅಂದಿದ್ದು?" ವಿಜ್ಞಾನಿ ಕೇಳಿದರು.

"ತಮ್ಮ ಹಳೇ ಗಾಜಿನ ಅಂಚು ಬೇರೆ ಥರ ಕಾಣಬಹುದು ಅನ್ನೋ ಭಯ. ಬಿಚ್ಚಬೇಡಿ ಅಂದ ಮಾತೇ ನನಗೆ ಬಿಚ್ಚಿ ನೋಡು ಅಂತ ಹೇಳ್ತು."

ಮೇಷ್ಟ್ರು ಎರಡು ಕೈಗಳನ್ನೂ ಮಂಡಿಯ ಮೇಲೆ ಇಟ್ಟುಕೊಂಡರು.

"ಆಗಲ್ಲ ಅನ್ನೋ ಲೆಕ್ಕ ನನ್ನದು," ಎಂದರು. "ಪಾಠದ ಪುಸ್ತಕದಲ್ಲೆಲ್ಲ ಅದೇ ಇದೆ. ಇವಳಿಗೆ ಹೇಳ್ದೆ, ಇನ್ನೊಂದು ಸ್ವಲ್ಪ ಕಾಲ ತಡಿ, ನಾನು ಹೋದ ಮೇಲೆ ಹೇಳು ಅಂತ. ಕೇಳಲಿಲ್ಲ."

"ಸತ್ಯ ಹೇಳೋಕೆ ನೀವು ಸಾಯೋದನ್ನ ಕಾಯ್ಬೇಕಿತ್ತಾ ಮೇಷ್ಟ್ರೇ?" ಎಂದರು ವಿಜ್ಞಾನಿ.

ಮೇಷ್ಟ್ರು ಡಬ್ಬದ ಕಡೆ ಕೈ ತೋರಿಸಿದರು. "ತಗೊಂಡು ಹೋಗಿ ಅಳೆದೆ. ಸುಳ್ಳು ಅಂತ ತೋರಿಸಬೇಕು ಅಂತಾನೇ ಅಳೆದೆ. ಮೂರು ಸಲ. ಮೂರು ಸಲವೂ ನಾನೇ ಸುಳ್ಳಾದೆ."

"ಒಡೆದು ಹಾಕಬಹುದಿತ್ತಲ್ಲ?" ಮೇಡಂ ಕೇಳಿದರು.

"ಬೆಳಗೋದನ್ನ ಹೇಗೆ ಒಡೀಲಿ? ಕೈ ಬರಲಿಲ್ಲ."

ವಿಜ್ಞಾನಿಯ ಕಣ್ಣಲ್ಲಿ ನೀರು ನಿಂತಿತ್ತು, ಆದರೆ ದನಿ ನಡುಗಲಿಲ್ಲ. "ಹಾಗಾದ್ರೆ ನಾಲ್ಕನೇ ಸಲ ಅಳೀರಿ. ಇಲ್ಲೇ. ಎಲ್ಲರ ಮುಂದೆ. ನಾನು ಅಳೆದ್ರೆ ನಾಳೆ ಮತ್ತೆ ಅಂಕಿ ತಿದ್ದಿದಳು ಅಂತಾರೆ. ಆಗಲ್ಲ ಅಂತ ಲೆಕ್ಕ ಹಾಕಿದವರೇ ಅಳೀಲಿ."

ಮೇಷ್ಟ್ರು ಎದ್ದರು. ಬಾಗಿಲ ಬಳಿ ನಿಂತು ಕೈಗಡಿಯಾರ ಬಿಚ್ಚಿ ತಟ್ಟೆಯಲ್ಲಿಟ್ಟರು. ಅಂಥ ಹೊತ್ತಿನಲ್ಲೂ ಅವರು ಅದನ್ನು ಮರೆಯಲಿಲ್ಲ. ಅವರ ಹಿಂದೆ ಎಲ್ಲರೂ ಬಿಚ್ಚಿದರು. ನಿರ್ದೇಶಕರ ಉಂಗುರ ಬೆರಳಿನಿಂದ ಜಾರಲು ಒಪ್ಪದೆ ಸತಾಯಿಸಿತು. ವಿದ್ಯಾರ್ಥಿನಿ, "ಸೋಪು ತರಲಾ ಸಾರ್?" ಎಂದಳು.

ದೀಪ ಆರಿತು. ಬಿಲ್ಲೆ ಉಂಗುರದಲ್ಲಿ ಕೂತಿತು. ಪರದೆಯ ಕಪ್ಪಿನಲ್ಲಿ ಬೆಳ್ಳನೆ ಗೆರೆ ಮೂಡಿತು, ಅಳಿಯದೆ ನಿಂತಿತು. ನನಗೆ ವಿಜ್ಞಾನ ತಿಳಿಯದು. ಆದರೂ ಮೈ ಜುಮ್ಮೆಂದಿತು.

"ಗೆರೆ ಎರಡರಷ್ಟು ಮಾಡಿ," ಎಂದರು ಅಧ್ಯಕ್ಷೆ.

ಮೇಷ್ಟ್ರು ತಿರುಪು ತಿರುಗಿಸಿದರು. ಅಂಕಿ ಏರಿತು. ಅವರು ಏನೋ ಗೊಣಗಿದರು.

"ಜೋರಾಗಿ ಹೇಳಿ ಮೇಷ್ಟ್ರೇ," ಎಂದರು ವಿಜ್ಞಾನಿ.

"ಎರಡಲ್ಲ. ಮೂರೂವರೆ ಪಟ್ಟು." ಮೇಷ್ಟ್ರು ತಿರುಪಿನಿಂದ ಕೈ ತೆಗೆದರು. "ಹೆಚ್ಚಿಸುತ್ತೆ. ಇದು ಬೆಳಕನ್ನ ಹೆಚ್ಚಿಸುತ್ತೆ."

ಅಧ್ಯಕ್ಷೆ ಕಾಗದದ ಮೇಲೆ ಏನೋ ಬರೆದು ಪೆನ್ನು ಮುಚ್ಚಿದರು. ದೀಪ ಹತ್ತಿತು. ನಿರ್ದೇಶಕರಿಗೆ ಈಗ ದನಿ ಬಂತು. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂಬಂಥ ದನಿ.

"ಎಲ್ಲಾ ಸುಖಾಂತ ಆಯ್ತಲ್ಲ. ಕೋಣೆ ನಿಮ್ಮದೇ. ಇನ್ನು ದೂರು ವಾಪಸು ತಗೊಂಡುಬಿಡಿ. ಹಿರಿಯರು, ಗುರುಗಳು. ಮನೆಯ ಮಾತು ಮನೆಯಲ್ಲೇ ಇರಲಿ."

"ನಿನ್ನೆ ನನ್ನನ್ನ ಸುಳ್ಳಿ ಅಂದಾಗ ಇದು ಮನೆಯ ಮಾತಾಗಿರಲಿಲ್ಲ," ಎಂದರು ವಿಜ್ಞಾನಿ. "ವಾಪಸು ತಗೊಳ್ಳಲ್ಲ. ಈ ಹುಡುಗಿ ಕೈಲಿ ಸುಳ್ಳು ಸಹಿ ಕೇಳಿದ್ದನ್ನೂ ದೂರಿಗೆ ಸೇರಿಸ್ತೀನಿ."

ಮೇಷ್ಟ್ರು ಇದೊಂದನ್ನೂ ಕೇಳಿಸಿಕೊಂಡಂತಿರಲಿಲ್ಲ. ಉಂಗುರದಿಂದ ಬಿಲ್ಲೆಯನ್ನು ಬಿಚ್ಚಿ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಅವರ ಬಲಗೈ ತಾನಾಗಿ ಜೇಬಿಗೆ ಹೋಯಿತು. ಸೀಸದಕಡ್ಡಿ ಹೊರಬಂತು. ಅದರ ಮೊನೆ ಗಾಜಿನ ಅಂಚಿಗೆ ತಾಗುವಷ್ಟರಲ್ಲಿ ವಿಜ್ಞಾನಿ ಅವರ ಮಣಿಕಟ್ಟು ಹಿಡಿದರು. ಒರಟಾಗಿ ಹಿಡಿಯಲಿಲ್ಲ, ಬಿಡಲೂ ಇಲ್ಲ.

"ಬೇಡ ಮೇಷ್ಟ್ರೇ. ಇದಕ್ಕೆ ಗುರುತು ಆಗಲೇ ಇದೆ. ನಾನು ಹಾಕಿದ್ದು."

ಮೇಷ್ಟ್ರು ತಮ್ಮ ಕೈಯನ್ನೇ ನೋಡಿಕೊಂಡರು. ಆಮೇಲೆ ಬಿಲ್ಲೆಯನ್ನು ಅವರ ಅಂಗೈಯಲ್ಲಿಟ್ಟು, ಸೀಸದಕಡ್ಡಿಯನ್ನು ಮೇಜಿನ ಮೇಲಿಟ್ಟರು. ಮೇಡಂ ಅದನ್ನು ಎತ್ತಿ ಸಾಕ್ಷಿಯ ಚೀಲಕ್ಕೆ ಹಾಕಿದರು.

"ಗಾಡಿ ತೆಗಿ," ಎಂದರು ನನಗೆ.